ಆರ್ಡರ್ ಬಂದದ್ದು ಅಪ್ಪನಿಗೆ

ಇದು ಪುಣೆಯ ಒಂದು ಸೈನಿಕ ಕುಟುಂಬದ ಪ್ರಕರಣ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಹೆಸರಿನ ಬದಲು ಅಪ್ಪ, ಅಮ್ಮ, ಮಗಳು ಅಂತಲೇ ಬರೆಯುತ್ತೇನೆ.

ಅಪ್ಪ ಭೂಸೇನೆಯಲ್ಲಿ ನಾಯಬ್ ಸುಬೇದಾರ್. ಊರು ಧಾರವಾಡದ ಕಡೆ. ಮನೆ ಖಡ್ಕಿಯ ಕ್ವಾರ್ಟರ್ಸ್‌ನಲ್ಲಿ. ಮಗಳು ಹತ್ತನೇ ಕ್ಲಾಸು, ಮಗ ಮೂರನೇ ಕ್ಲಾಸು. ಡಿಸೆಂಬರ್‌ನಲ್ಲಿ ಅಮ್ಮ ಮಗಳನ್ನು ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಕರೆದುಕೊಂಡು ಬಂದರು.

"ಪ್ರೀ-ಬೋರ್ಡ್‌ನಾಗ ಮಾರ್ಕ್ಸ್ ಪೂರಾ ಬಿದ್ದಾವ್ರಿ. ದಿನಾ ತಲಿನೋವು ಅಂತಾಳ. ಡಾಕ್ಟರ್ ತೋರಿಸಿದ್ವಿ, ಏನೂ ಇಲ್ಲ ಅಂದ್ರು. ಅದರಾಗ ನಮಗ ಪೋಸ್ಟಿಂಗ್ ಬಂದದ."

'ನಮಗೆ' ಅಂದರು. ಆದರೆ ಪೋಸ್ಟಿಂಗ್ ಬಂದದ್ದು ಅಪ್ಪನೊಬ್ಬನಿಗೆ. ಅದೂ ಫೀಲ್ಡ್ ಏರಿಯಾಕ್ಕೆ. ಅಲ್ಲಿಗೆ ಕುಟುಂಬ ಹೋಗುವಂತಿಲ್ಲ. ಏಪ್ರಿಲ್‌ನಲ್ಲಿ ಮನೆ ಖಾಲಿ ಮಾಡಿ, ಅಮ್ಮ ಮತ್ತು ಮಕ್ಕಳು ಊರಿನಲ್ಲಿ ಅಜ್ಜ-ಅಜ್ಜಿಯ ಹತ್ತಿರ ಇರುವುದು ಅಂತ ಆಗಲೇ ತೀರ್ಮಾನವಾಗಿತ್ತು.

ಮಗಳು ಒಬ್ಬಳೇ ಇದ್ದಾಗ ಅವಳ ಜೊತೆ ಮಾತಾಡಿದೆ. ಇದು ಅವಳ ಆರನೇ ಸ್ಕೂಲು. ಹೊಸ ಸ್ಕೂಲಿಗೆ ಹೋದರೆ ಮೊದಲು ಏನು ಮಾಡ್ತೀಯ ಅಂತ ಕೇಳಿದೆ.

"ಪಕ್ಕದಾಗ ಕೂತವರಿಗೆ ಕೇಳ್ತೀನಿ, ನಿಮ್ಮ ಪಪ್ಪಾಂದು ಇಲ್ಲಿ ಇನ್ನೂ ಎಷ್ಟು ದಿನ ಅದ ಅಂತ. ಒಂದು ವರ್ಷಕ್ಕಿಂತ ಕಡಿಮಿ ಅಂದ್ರ ಜಾಸ್ತಿ ದೋಸ್ತಿ ಮಾಡಂಗಿಲ್ಲ."

ಹದಿನೈದು ವರ್ಷದ ಹುಡುಗಿ ಇಷ್ಟು ಲೆಕ್ಕ ಹಾಕಿ ಸ್ನೇಹ ಮಾಡುತ್ತಾಳೆ ಅಂದರೆ ಎಷ್ಟು ಸಲ ನೊಂದಿರಬೇಕು? ಪುಣೆಯಲ್ಲಿ ಮಾತ್ರ ಅವಳು ಈ ಲೆಕ್ಕ ಮರೆತಿದ್ದಳು. ಇಬ್ಬರು ಗೆಳತಿಯರು ಸಿಕ್ಕಿದ್ದರು. ಮೂವರೂ ಸೇರಿ ಎಂಜಿನಿಯರಿಂಗ್ ಮಾಡೋಣ ಅಂದುಕೊಂಡಿದ್ದರು. ಊರಿನ ಭಯ ಬೇರೆ ಇತ್ತು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ರಜೆಯಲ್ಲಿ ಬಸ್ಸಿನ ಬೋರ್ಡು ಓದಲಾರದೆ ನಿಂತಾಗ ಚಿಕ್ಕಪ್ಪನ ಮಕ್ಕಳು ನಕ್ಕಿದ್ದರು. ಇದನ್ನೆಲ್ಲ ಮನೆಯಲ್ಲಿ ಯಾಕೆ ಹೇಳಲಿಲ್ಲ? "ಪಪ್ಪಾ ಅಲ್ಲಿ ಥಂಡ್ಯಾಗ ಇರ್ತಾರ. ನಾನು ಇಲ್ಲೇ ಇರ್ತೀನಿ ಅಂದ್ರ ಅವರಿಗೆ ಬ್ಯಾಸರ ಆಗೂದಿಲ್ಲೇನ್ರಿ?"

ತಲೆನೋವು ಎಲ್ಲಿಂದ ಬಂತು ಅಂತ ನನಗೆ ಆಗ ಅರ್ಥವಾಯಿತು.

ಅಮ್ಮ ಬಿ.ಎಸ್ಸಿ., ಬಿ.ಎಡ್. ಹದಿನಾಲ್ಕು ವರ್ಷದಲ್ಲಿ ನಾಲ್ಕು ಶಾಲೆ. ಪ್ರತಿ ಸಲ ಹೊಸಬರ ಸಂಬಳದಿಂದಲೇ ಶುರು. "ನನ್ನ ನೌಕರಿ ಮಾತು ಬಿಡ್ರಿ ಮೇಡಂ, ಅದೇನು ದೊಡ್ಡದಲ್ಲ" ಅಂದರು. ನಾನು ಬಿಡಲಿಲ್ಲ. ಮಗಳು ಬೇಕಾದದ್ದನ್ನು ಬಾಯಿಬಿಟ್ಟು ಕೇಳದಿರುವುದನ್ನು ಕಲಿತದ್ದು ಈ ಅಮ್ಮನನ್ನು ನೋಡಿಯೇ ಅಂತ ಅವರಿಗೆ ನೇರವಾಗಿ ಹೇಳಿದೆ. ತುಂಬಾ ಹೊತ್ತು ಅತ್ತರು.

ಮೂರನೇ ಭೇಟಿಗೆ ಅಪ್ಪನೂ ಬಂದರು. ಒಳ್ಳೆಯ ಮನುಷ್ಯ. ಹಟ ಇರಲಿಲ್ಲ, ಚಿಂತೆ ಇತ್ತು. ಎರಡು ಮಕ್ಕಳನ್ನು ಇಟ್ಟುಕೊಂಡು ಹೆಂಡತಿ ಒಬ್ಬರೇ ಹೇಗೆ ಇರುತ್ತಾರೆ ಅನ್ನುವುದು ಒಂದು. ಊರಲ್ಲಿ ಪಿಯುಸಿ ಓದಿದರೆ ಸಿಇಟಿ ಸೀಟು ಸುಲಭ ಅನ್ನುವುದು ಇನ್ನೊಂದು.

ಎರಡನೆಯದು ತಪ್ಪು ಲೆಕ್ಕ. ಕರ್ನಾಟಕದ ಸಿಇಟಿಗೆ ಸಾಮಾನ್ಯ ನಿಯಮ ಅಂದರೆ ರಾಜ್ಯದಲ್ಲಿ 7 ವರ್ಷ ಓದಿರಬೇಕು. ಎರಡು ವರ್ಷದ ಪಿಯುಸಿಯಿಂದ ಅದು ತುಂಬುವುದಿಲ್ಲ. ಸೈನಿಕರ ಮಕ್ಕಳಿಗೆ ಬೇರೆ ನಿಯಮಗಳಿವೆ. ಅಪ್ಪ ಸೇನೆಗೆ ಸೇರುವಾಗ ಸ್ವಂತ ಊರು ಅಂತ ಬರೆಸಿದ ವಿಳಾಸ ಅಲ್ಲಿ ಮುಖ್ಯವಾಗುತ್ತದೆ. ಮಹಾರಾಷ್ಟ್ರದ ಎಂಜಿನಿಯರಿಂಗ್ ಪ್ರವೇಶದಲ್ಲಿ ಡೆಫ್-3 ಅಂತ ಒಂದು ವರ್ಗ ಇದೆ. ಈ ರಾಜ್ಯದವರಲ್ಲದ, ಆದರೆ ಇಲ್ಲಿಗೆ ವರ್ಗವಾಗಿ ಬಂದ ಅಥವಾ ಮಕ್ಕಳ ಓದಿಗಾಗಿ ಕುಟುಂಬವನ್ನು ಇಲ್ಲೇ ಉಳಿಸಿದ ಸೈನಿಕರ ಮಕ್ಕಳಿಗಾಗಿಯೇ ಅದು. ಎರಡೂ ರಾಜ್ಯದ ಆ ವರ್ಷದ ಮಾಹಿತಿ ಪುಸ್ತಕ ಓದಿ, ಕಾಗದ ಈಗಲೇ ಜೋಡಿಸಿ ಅಂದೆ. ಅಪ್ಪ ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ನನ್ನ ಸಲಹೆ ಹೇಳಿದೆ. ಆರ್ಡರ್ ಬದಲಾಗುವುದಿಲ್ಲ. ಕುಟುಂಬ ಎಲ್ಲಿರಬೇಕು ಅನ್ನುವುದು ಆರ್ಡರ್‌ನಲ್ಲಿ ಇಲ್ಲ. ಹನ್ನೊಂದು, ಹನ್ನೆರಡು ಪುಣೆಯಲ್ಲೇ, ಒಂದೇ ಶಾಲೆಯಲ್ಲಿ ಆಗಲಿ. ಸಿಬಿಎಸ್‌ಇಯಲ್ಲಿ ಹನ್ನೊಂದರಲ್ಲೇ ಮಂಡಳಿಗೆ ಹೆಸರು ನೋಂದಾಯಿಸುತ್ತಾರೆ. ಹನ್ನೆರಡಕ್ಕೆ ನೇರವಾಗಿ ಬೇರೆ ಶಾಲೆ ಸೇರಲು ಪೋಷಕರ ವರ್ಗಾವಣೆಯಂಥ ಕಾರಣ ಬೇಕು, ಮಂಡಳಿಯ ಒಪ್ಪಿಗೆಯೂ ಬೇಕು. ಫೀಲ್ಡ್‌ಗೆ ಹೋದವರ ಕುಟುಂಬಕ್ಕೆ ಕ್ವಾರ್ಟರ್ಸ್ ಕೊಡುವ ವ್ಯವಸ್ಥೆ ಸೇನೆಯಲ್ಲೇ ಇದೆ. ಮೂವ್ ಆಗುವ ಮೊದಲೇ ಯೂನಿಟ್ ಮೂಲಕ ಅರ್ಜಿ ಹಾಕಿ. "ಕೇಳೂದು ಸರಿ ಕಾಣೂದಿಲ್ರಿ" ಅಂದರು ಅಪ್ಪ. ಅದು ಉಪಕಾರ ಅಲ್ಲ, ನಿಮ್ಮಂಥವರಿಗೆಂದೇ ಇರುವುದು ಅಂದೆ.

ಅಮ್ಮನಿಗೆ ಒಂದು ಫೈಲು ಮಾಡಲು ಹೇಳಿದೆ. ನಾಲ್ಕೂ ಶಾಲೆಯ ಅನುಭವ ಪತ್ರ, ತಾರೀಕು, ವಿಷಯ, ಕ್ಲಾಸು, ಕೊನೆಯ ಸಂಬಳ ಎಲ್ಲ ಅದರಲ್ಲಿ ಇರಬೇಕು. ಅವರು 2013ರಲ್ಲಿ ಸಿಟಿಇಟಿ, ಅಂದರೆ ಕೇಂದ್ರದ ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ), ಪಾಸಾಗಿದ್ದರು. ಏಳು ವರ್ಷಕ್ಕೆ ಅದು ಮುಗಿದುಹೋಯಿತು ಅಂದುಕೊಂಡಿದ್ದರು. 2021ರಲ್ಲಿ ಟಿಇಟಿ ಪ್ರಮಾಣಪತ್ರಗಳನ್ನು ಜೀವಮಾನಕ್ಕೆ ಮಾನ್ಯ ಮಾಡಿದರು, 2011ರಿಂದ ಪಾಸಾದವರಿಗೂ. ಅದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು. ಆರ್ಮಿ ಪಬ್ಲಿಕ್ ಸ್ಕೂಲುಗಳ ಸ್ಕ್ರೀನಿಂಗ್ ಟೆಸ್ಟ್ ಕೂಡ ಬರೆಯಿರಿ ಅಂದೆ. ಆ ಶಾಲೆಗಳು ದೇಶದ ಎಷ್ಟೋ ಕಂಟೋನ್ಮೆಂಟುಗಳಲ್ಲಿ ಇವೆ.

ಬೋರ್ಡ್ ಪರೀಕ್ಷೆ ಮುಗಿಯುವ ತನಕ ಮಾರ್ಕ್ಸ್ ಮಾತು ಬೇಡ ಅಂತಲೂ ಹೇಳಿದ್ದೆ. ಅಪ್ಪನಿಗೆ ಬೇರೆ ಎರಡು ಮಾತು. ಅಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ, ದಿನಾ ಒಂಬತ್ತಕ್ಕೆ ಫೋನ್ ಮಾಡುತ್ತೇನೆ ಅಂತ ಮಾತು ಕೊಡಬೇಡಿ. ಫೋನ್ ಬರದ ದಿನ ಮಕ್ಕಳು ಹೆದರುತ್ತಾರೆ. ಸಿಕ್ಕಾಗ ಮಾತಾಡಿ, ನಡುವೆ ಕಾಗದ ಬರೆಯಿರಿ. ರಜೆಗೆ ಬಂದಾಗ ಮೊದಲ ವಾರ ಮನೆಯ ಯಾವ ಪದ್ಧತಿಯನ್ನೂ ತಿದ್ದಬೇಡಿ. ನೀವಿಲ್ಲದಾಗ ಅವರು ಕಷ್ಟಪಟ್ಟು ಕಟ್ಟಿಕೊಂಡ ಪದ್ಧತಿ ಅದು.

ಕನ್ನಡ ಓದುವುದಕ್ಕೆ ದಾರಿ ಮಗಳೇ ಹುಡುಕಿದಳು. ಅಪ್ಪ ಕನ್ನಡದಲ್ಲೇ ಕಾಗದ ಬರೆಯಲಿ, ನಾನು ಓದುತ್ತೇನೆ ಅಂದಳು.

ಏಪ್ರಿಲ್‌ನಲ್ಲಿ ಅಪ್ಪ ಒಬ್ಬರೇ ಹೊರಟರು. ಜೂನ್ ಹೊತ್ತಿಗೆ ಮಗಳ ತಲೆನೋವು ಕಡಿಮೆಯಾಯಿತು. ಆದರೆ ನಾನೊಂದು ತಪ್ಪು ಮಾಡಿದ್ದೆ. ಮೂರೂ ಭೇಟಿಯಲ್ಲಿ ಚಿಕ್ಕ ಹುಡುಗನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಆಗಸ್ಟ್‌ನಲ್ಲಿ ಅಮ್ಮ ಫೋನ್ ಮಾಡಿದರು. ಅವನು ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದ, ಅಪ್ಪನ ಹಳೆಯ ಟೋಪಿ ಇಲ್ಲದೆ ಮಲಗುತ್ತಿರಲಿಲ್ಲ. ಬೈಯಬೇಡಿ, ಟೋಪಿ ಕಿತ್ತುಕೊಳ್ಳಬೇಡಿ, ಮಕ್ಕಳ ಡಾಕ್ಟರಿಗೂ ಒಮ್ಮೆ ತೋರಿಸಿ ಅಂದೆ. ಈಗ ಶನಿವಾರ ಶನಿವಾರ ಅವನು ನನ್ನ ಹತ್ತಿರ ಬಂದು ಚಿತ್ರ ಬರೆಯುತ್ತಾನೆ.