ಚಪ್ಪಾಳೆಗೂ ಒಂದು ಮೈಕ್ ಬೇಕು

ಪ್ರಶ್ನೆ: ನಮ್ಮದು ಐದು ಜನರ ರಾಕ್ ಬ್ಯಾಂಡ್: ಎರಡು ಗಿಟಾರ್, ಬೇಸ್, ಡ್ರಮ್ಸ್, ಗಾಯಕ. ಕಾಲೇಜು ಹಬ್ಬದಲ್ಲಿ ನುಡಿಸಿದಾಗ ಮೈದಾನವೇ ಕುಣಿದಿತ್ತು. ಸೌಂಡಿನವರು ಮಿಕ್ಸರ್‌ನಿಂದ ಪೆನ್‌ಡ್ರೈವ್‌ಗೆ ಹಾಕಿಕೊಟ್ಟ ರೆಕಾರ್ಡಿಂಗ್‌ನಲ್ಲಿ ಮಾತ್ರ ಗಾಯಕನ ದನಿ ಕಿವಿಗೇ ಬಂದು ಕೂರುತ್ತದೆ, ಗಿಟಾರ್ ಸೊಳ್ಳೆಯಂತೆ ಕೇಳುತ್ತದೆ, ಜನರ ಸದ್ದೇ ಇಲ್ಲ. ಮುಂದಿನ ಸಲ ಏನು ಮಾಡಬೇಕು?
— ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಸೌಂಡಿನವರನ್ನು ಬೈಯಬೇಡಿ. ಅವರ ಕೆಲಸ ಮೈದಾನಕ್ಕೆ ಕೇಳಿಸುವುದು, ಅದನ್ನು ಮಾಡಿದ್ದಾರೆ. ಸಣ್ಣ ಮೈದಾನದಲ್ಲಿ ಡ್ರಮ್ಸ್ ಮತ್ತು ಗಿಟಾರ್ ಆಂಪ್ ತಾವಾಗಿಯೇ ಜೋರು, ಮಿಕ್ಸರ್ ಮೂಲಕ ಅವಕ್ಕೆ ಸ್ವಲ್ಪವೇ ಬೆಂಬಲ ಸಾಕು. ಗಾಯಕನ ದನಿ ಪೂರ್ತಿ ಮಿಕ್ಸರ್‌ನಿಂದಲೇ ಬರಬೇಕು. ಪೆನ್‌ಡ್ರೈವ್‌ಗೆ ಇಳಿದದ್ದು ಮಿಕ್ಸರ್‌ನಿಂದ ಹೊರಟ ಪಾಲು ಮಾತ್ರ. ಇನ್ನು ಜನರ ಮುಂದೆ ಮೈಕೇ ಇಟ್ಟಿಲ್ಲ, ಅವರ ಸದ್ದು ಎಲ್ಲಿಂದ ಬರಬೇಕು?

ಮುಂದಿನ ಸಲ ಯುಎಸ್‌ಬಿ ಇರುವ ಡಿಜಿಟಲ್ ಮಿಕ್ಸರ್ ಕೇಳಿ. ಬೆಹ್ರಿಂಗರ್ ಎಕ್ಸ್32 ತರಹದ್ದಾದರೆ 32 ಚಾನೆಲ್‌ಗಳನ್ನೂ ಬೇರೆಬೇರೆಯಾಗಿ ಲ್ಯಾಪ್‌ಟಾಪ್‌ಗೆ ಕಳಿಸಬಹುದು. ನಿಮಗೆ 14 ಸಾಕು: ಡ್ರಮ್ಸ್‌ಗೆ 5 (ಕಿಕ್, ಸ್ನೇರ್, ಟಾಮ್, ಮೇಲೆ ಎರಡು), ಬೇಸ್‌ಗೆ 1, ಗಿಟಾರ್‌ಗೆ 2, ದನಿಗೆ 2, ಜನರಿಗೆ 4. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಟ್ರ್ಯಾಕ್ ಗಂಟೆಗೆ ಸುಮಾರು 0.52 ಜಿಬಿ ತಿನ್ನುತ್ತದೆ. ಎರಡು ಗಂಟೆಗೆ ಒಟ್ಟು ಹದಿನಾಲ್ಕೂವರೆ ಜಿಬಿ. ಎಸ್‌ಎಸ್‌ಡಿಗೆ ಬರೆಯಿರಿ. ಅಗ್ಗದ ಪೆನ್‌ಡ್ರೈವ್ ನಡುವೆ ನಿಧಾನವಾಗಿ ಟಿಕ್‌ಟಿಕ್ ಎಂದು ಕಡಿದುಹೋಗುತ್ತದೆ.

ಸಿಗ್ನಲ್ಲನ್ನು ಫೇಡರ್‌ಗೂ (ಸದ್ದು ಏರಿಳಿಸುವ ಜಾರುಗುಂಡಿ) ಈಕ್ಯೂಗೂ (ಮೇಲಿನ, ಕೆಳಗಿನ ಸ್ಥಾಯಿಗಳನ್ನು ಬೇರೆಬೇರೆಯಾಗಿ ಹೊಂದಿಸುವುದು) ಮೊದಲೇ ತೆಗೆದುಕೊಳ್ಳಿ. ಆಗ ಸೌಂಡಿನವರು ಫೇಡರ್ ಎಷ್ಟು ಆಡಿಸಿದರೂ ನಿಮ್ಮ ಟ್ರ್ಯಾಕ್‌ಗೆ ತಾಗುವುದಿಲ್ಲ. ಗೇನ್ (ಮೈಕ್‌ನ ಸಿಗ್ನಲ್ಲನ್ನು ಒಳಬರುವಾಗಲೇ ಹಿಗ್ಗಿಸುವ ಗುಂಡಿ) ಮುಟ್ಟಿದರೆ ಮಾತ್ರ ತಾಗುತ್ತದೆ, ಹಾಗಾಗಿ ಸೌಂಡ್ ಚೆಕ್ ಆದಮೇಲೆ ಗೇನ್ ತಿರುಗಿಸಬೇಡಿ ಎಂದು ಮೊದಲೇ ಮಾತಾಡಿಕೊಳ್ಳಿ. ಮಟ್ಟ ಸರಾಸರಿ ಮೈನಸ್ 18 ಡೆಸಿಬೆಲ್ ಇರಲಿ, ಏರಿದಾಗಲೂ ಮೈನಸ್ 8 ದಾಟದಿರಲಿ. ಸಂಜೆ ನಾಲ್ಕಕ್ಕೆ ಖಾಲಿ ಕುರ್ಚಿಗಳ ಮುಂದೆ ಹಾಡಿದವನೇ ಎಂಟಕ್ಕೆ ಜನ ಕೂಗಿದಾಗ ಇನ್ನೂ ಜೋರಾಗಿ ಹಾಡುತ್ತಾನೆ. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ಲೇ ಮೇಲಿನ ಮಿತಿ; ಅದನ್ನು ದಾಟಿ ಒಡೆದ ಸದ್ದನ್ನು ಹಿಂದಿನಂತೆ ಮಾಡಲು ಬರುವುದಿಲ್ಲ.

ಈಗ ಜನರ ಮೈಕ್. ಎರಡು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ) ಕಂಡೆನ್ಸರ್ (ಸೂಕ್ಷ್ಮ, ವಿದ್ಯುತ್ ಬೇಕಾದ) ಮೈಕ್‌ಗಳನ್ನು ವೇದಿಕೆಯ ಎರಡು ಮೂಲೆಗಳಲ್ಲಿ, ಜನರ ಕಡೆ ಮುಖ ಮಾಡಿ ನಿಲ್ಲಿಸಿ. ಮಿಕ್ಸರ್‌ನಿಂದ ಅವಕ್ಕೆ ಹೋಗುವ ವಿದ್ಯುತ್, ಅಂದರೆ 48 ವೋಲ್ಟ್ ಫ್ಯಾಂಟಮ್, ಹಾಕಲು ಮರೆಯಬೇಡಿ. ಅವು ಸ್ಪೀಕರ್ ಸಾಲಿಗಿಂತ ಒಂದು ಹೆಜ್ಜೆ ಹಿಂದೆಯೇ ಇರಲಿ. ಸ್ಪೀಕರ್ ಬಾಯಿಗೆ ಬಿದ್ದರೆ ಚಪ್ಪಾಳೆಗಿಂತ ಹಾಡೇ ಹೆಚ್ಚು ಬರುತ್ತದೆ. ಇನ್ನೆರಡನ್ನು ಹಿಂದೆ ಮಿಕ್ಸರ್ ಬಳಿ ಮೂರು ಮೀಟರ್ ಎತ್ತರದ ಸ್ಟ್ಯಾಂಡ್‌ನಲ್ಲಿ ಇಡಿ. ತಲೆಯ ಮಟ್ಟಕ್ಕೆ ಇಟ್ಟಿರೋ, ಪಕ್ಕದಲ್ಲಿ ಶಿಳ್ಳೆ ಹೊಡೆಯುವ ಒಬ್ಬ ಹುಡುಗ ಇಡೀ ಆಲ್ಬಮ್ಮಿಗೆ ಯಜಮಾನನಾಗುತ್ತಾನೆ.

ಹಿಂದಿನ ಮೈಕ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; 25 ಮೀಟರ್ ದೂರಕ್ಕೆ 73 ಮಿಲಿಸೆಕೆಂಡ್. ಹಾಗೇ ಬೆರೆಸಿದರೆ ಸ್ನೇರ್ ಎರಡೆರಡು ಸಲ ಬಡಿದಂತೆ ಕೇಳುತ್ತದೆ. ಒಂದು ಸ್ನೇರ್ ಪೆಟ್ಟನ್ನು ಗುರುತು ಹಿಡಿದು ಆ ಟ್ರ್ಯಾಕನ್ನು ಅಷ್ಟು ಹಿಂದಕ್ಕೆ, ಅಂದರೆ ಮುಂಚಿನ ಹೊತ್ತಿಗೆ, ಎಳೆಯಿರಿ. ಅಲ್ಲಿಯ ಜನ ತಟ್ಟುವುದೂ ತಮಗೆ ತಡವಾಗಿ ಕೇಳಿದ ತಾಳಕ್ಕೇ ಆದ್ದರಿಂದ, ಎಳೆದಾಗ ಚಪ್ಪಾಳೆಯೂ ತಾಳಕ್ಕೆ ಬಂದು ಕೂರುತ್ತದೆ. ವೇದಿಕೆ ಮೂಲೆಯ ಮೈಕ್‌ನಲ್ಲಿ ಈ ಉಪಾಯ ನಡೆಯದು. ಸದ್ದು ಹಿಂದಿನ ಜನರ ಬಳಿಗೆ ಹೋಗಿ, ಚಪ್ಪಾಳೆಯಾಗಿ ಮರಳಿ ಬರುವಷ್ಟರಲ್ಲಿ 146 ಮಿಲಿಸೆಕೆಂಡ್ ಕಳೆದಿರುತ್ತದೆ. ಜನರ ಚಪ್ಪಾಳೆ ಕೇಳಿಕೊಂಡು ನುಡಿಸುವ ಡ್ರಮ್ಮರ್ ಲಯ ಇಳಿಸುವುದು ಇದರಿಂದಲೇ.

ಮಿಕ್ಸ್ ಮಾಡುವಾಗ ಜನರ ಟ್ರ್ಯಾಕ್‌ನಲ್ಲಿ 150 ಹರ್ಟ್ಸ್‌ನಿಂದ ಕೆಳಗಿನದನ್ನು ಕತ್ತರಿಸಿ. ಹಾಡು ನಡೆಯುವಾಗ 10–12 ಡೆಸಿಬೆಲ್ ತಗ್ಗಿಸಿ, ಪೂರ್ತಿ ಮುಚ್ಚಬೇಡಿ. ಮುಚ್ಚಿ ತೆರೆದರೆ ಬಾಗಿಲು ಹಾಕಿ ತೆಗೆದಂತಾಗುತ್ತದೆ. ಕೊನೆಯ ಸ್ವರಕ್ಕೆ ಎರಡು ಸೆಕೆಂಡ್ ಮುಂಚೆಯೇ ಏರಿಸಲು ಶುರುಮಾಡಿ. ಮಲೆನಾಡಿನ ಜನ ಹಾಡು ಮುಗಿಯುವ ತನಕ ಕಾಯುವವರಲ್ಲ.

ಪ್ರಶ್ನೆ: ಬಯಲಿನಲ್ಲಿ ರಾತ್ರಿ ಕಾರ್ಯಕ್ರಮ. ಜೀರುಂಡೆ, ಜನರೇಟರ್, ಜೊತೆಗೆ ಮಳೆಯ ಹೆದರಿಕೆ. ರೆಕಾರ್ಡಿಂಗ್ ಹೇಗೆ ಕಾಪಾಡುವುದು?
— ಓದುಗರು, ತೀರ್ಥಹಳ್ಳಿ

ಉತ್ತರ: ಜೀರುಂಡೆಯ ಸದ್ದು ಮೇಲಿನ ಸ್ಥಾಯಿಯ ಒಂದು ಸಣ್ಣ ಪಟ್ಟಿಯಲ್ಲಿರುತ್ತದೆ. ಅದೆಲ್ಲಿ ಎಂದು ಈಕ್ಯೂನಲ್ಲಿ ಹುಡುಕಿ, ಕಿರಿದಾಗಿ ಅಷ್ಟನ್ನೇ ತಗ್ಗಿಸಿ. ಹಾಡುಗಳ ನಡುವೆ ಉಳಿದರೆ ಉಳಿಯಲಿ, ಅದು ಊರಿನ ವಿಳಾಸ.

ಗುಂಯ್ ಎನ್ನುವುದು ಹೆಚ್ಚಾಗಿ 50 ಹರ್ಟ್ಸ್‌ನ ಅರ್ತ್ ತೊಂದರೆ. ವೇದಿಕೆ, ಮಿಕ್ಸರ್, ಲ್ಯಾಪ್‌ಟಾಪ್ ಮೂರಕ್ಕೂ ಒಂದೇ ಲೈನ್ ಕೊಡಿ, ದೀಪದ ಡಿಮ್ಮರ್‌ಗೆ ಬೇರೆ. ಆಮೇಲೂ ಬಂದರೆ, ಬೇಸ್‌ನಂಥ ವಾದ್ಯವನ್ನು ಮಿಕ್ಸರ್‌ಗೆ ಜೋಡಿಸುವ ಡಿಐ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ. ಆಂಪ್ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕುವ ಕೆಟ್ಟ ಚಾಳಿ ಕೆಲವರಿಗಿದೆ. ಒದ್ದೆ ನೆಲದಲ್ಲಿ, ಮೈಕ್‌ಗೆ ತುಟಿ ತಾಗಿಸಿ, ಗಿಟಾರ್ ತಂತಿ ಹಿಡಿದ ಗಾಯಕನ ಪ್ರಾಣವೇ ಹೋಗಬಹುದು. ಯಾವ ಕಾರಣಕ್ಕೂ ಮಾಡಬೇಡಿ.

ಥಂಡಿ ಹಿಡಿದ ಕಂಡೆನ್ಸರ್ ಮೈಕ್ ಚಿಟಿಚಿಟಿ ಎನ್ನುತ್ತದೆ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಎಸಿ ಕಾರಿನಿಂದ ಇಳಿಸಿದ ಕೂಡಲೇ ಜೋಡಿಸದೆ ಅರ್ಧ ಗಂಟೆ ಹೊರಗಿನ ಹವೆಗೆ ಹೊಂದಲು ಬಿಡಿ. ಜೋರು ಮಳೆಗಾಲದಲ್ಲಿ ಜನರಿಗೂ ಡೈನಾಮಿಕ್ (ಫ್ಯಾಂಟಮ್ ಬೇಡದ ಗಟ್ಟಿಮುಟ್ಟಾದ) ಮೈಕೇ ಕ್ಷೇಮ. ಗೇನ್ ಹೆಚ್ಚು ಬೇಕು, ಆದರೆ ಕೈಕೊಡುವುದಿಲ್ಲ. ತಗಡಿನ ಶೀಟಿನ ಮೇಲೆ ಬೀಳುವ ಮಳೆಗೆ ಮಾತ್ರ ಮದ್ದಿಲ್ಲ.

ಪ್ರಶ್ನೆ: ಮೊಬೈಲ್‌ನಲ್ಲಿ ತೆಗೆದರೆ ಬರೀ ಬರಬರ ಸದ್ದು. 32 ಬಿಟ್ ಫ್ಲೋಟ್ ರೆಕಾರ್ಡರ್ ಕೊಂಡರೆ ಸರಿಹೋಗುತ್ತದೆಯೇ?
— ಛಾಯಾಗ್ರಾಹಕರು, ಸಾಗರ

ಉತ್ತರ: ಬಹುಪಾಲು. ಮಟ್ಟ ತಪ್ಪಿಟ್ಟರೂ ಆಮೇಲೆ ಇಳಿಸಿಕೊಳ್ಳಬಹುದು. ಆದರೆ ಮೈಕ್‌ನ ಪೊರೆಯೇ ತಾಳದಷ್ಟು ಸದ್ದು ಬಿದ್ದರೆ ಯಾವ ಬಿಟ್ಟೂ ಕಾಯದು. ಹಾಗಾಗಿ ಸ್ಪೀಕರ್ ಮುಂದೆ ಇಡದೆ ಮಿಕ್ಸರ್ ಪಕ್ಕ, ನಟ್ಟ ನಡುವೆ ಇಡಿ. ಮೊಬೈಲ್ ದೃಶ್ಯಕ್ಕೆ ಇರಲಿ. ಎರಡೂ ಸಾಧನಗಳ ಗಡಿಯಾರ ಒಂದೇ ಅಲ್ಲ, ಗಂಟೆಯಾದಂತೆ ತುಟಿಯೂ ದನಿಯೂ ಬೇರೆಯಾಗುತ್ತವೆ. ಪ್ರತಿ ಹಾಡಿಗೂ ಕತ್ತರಿಸಿ ಹೊಸದಾಗಿ ಹೊಂದಿಸಿ.

ಪ್ರಶ್ನೆ: ವಿದೇಶಿ ಲೈವ್ ಆಲ್ಬಮ್‌ಗಳ ಚಪ್ಪಾಳೆ ನಿಜವೇ?
— ಓದುಗರು, ಭದ್ರಾವತಿ

ಉತ್ತರ: ಎಲ್ಲವೂ ಅಲ್ಲ. ರೋಲಿಂಗ್ ಸ್ಟೋನ್ಸ್ ತಂಡದ 1966ರ ಲೈವ್ ಆಲ್ಬಮ್ಮಿನಲ್ಲಿ ಸ್ಟುಡಿಯೋ ಹಾಡುಗಳಿಗೆ ಜನರ ಕೂಗು ಅಂಟಿಸಿದ್ದೂ ಇದೆ. ಡೀಪ್ ಪರ್ಪಲ್ ಜಪಾನಿನಲ್ಲಿ 1972ರ ಆಗಸ್ಟ್‌ನಲ್ಲಿ ಒಸಾಕಾ, ಟೋಕಿಯೋಗಳಲ್ಲಿ ಮೂರು ರಾತ್ರಿ ರೆಕಾರ್ಡ್ ಮಾಡಿ, ಚೆನ್ನಾಗಿ ಬಂದದ್ದನ್ನು ಆರಿಸಿಕೊಂಡಿತು. ನಮಗೆ ಹೊಂದುವುದು ಈ ಎರಡನೆಯ ದಾರಿ. ಮೂರು ರಾತ್ರಿ ಸಿಗದಿದ್ದರೆ ಸೌಂಡ್ ಚೆಕ್ಕನ್ನಾದರೂ ಪೂರ್ತಿ ರೆಕಾರ್ಡ್ ಮಾಡಿ. ಗಾಯಕ ತಪ್ಪಿದ ಒಂದು ಸಾಲನ್ನು ಅಲ್ಲಿಂದ ತಂದು ಕೂರಿಸಬಹುದು.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ನಿರ್ಬಂಧ ಇರುವುದರಿಂದ ಒಂಬತ್ತೂಮುಕ್ಕಾಲಕ್ಕೆ ಎಲ್ಲರಿಗೂ ಮನೆಯ ಅವಸರ. ಬ್ಯಾಂಡ್ ವೇದಿಕೆಯಿಂದ ಇಳಿದರೂ ಎರಡು ನಿಮಿಷ ರೆಕಾರ್ಡಿಂಗ್ ನಿಲ್ಲಿಸಬೇಡಿ. ‘ಒನ್ಸ್ ಮೋರ್’ ಬರುವುದು ಆಗಲೇ.