ವಿದೇಶಕ್ಕೆ ಹೋಗಿಬಂದರೆ ಊರನ್ನು ನೋಡುವ ದೃಷ್ಟಿ ನಿಜಕ್ಕೂ ಬದಲಾಗುತ್ತದೆಯೇ?

ಖಂಡಿತ ಬದಲಾಗುತ್ತದೆ, ನನ್ನ ಮಟ್ಟಿಗೆ ನೀರಿನ ವಿಷಯದಲ್ಲಿ. ಕೋಲಾರದವನಾದ ನಾನು, ಸಾವಿರ ಅಡಿ ಕೊರೆದರೂ ಕೊಳವೆಬಾವಿಯಿಂದ ಬರೀ ದೂಳೇಳುವುದನ್ನು ನೋಡುತ್ತ ಬೆಳೆದವನು. ನಾನು ಹೋಗಿಬಂದ ಸಿಂಗಪುರದಲ್ಲಿ ಬಳಸಿದ ನೀರನ್ನೇ ಸೂಕ್ಷ್ಮವಾಗಿ ಸೋಸಿ, ರಿವರ್ಸ್ ಆಸ್ಮೋಸಿಸ್‌ಗೆ (ಒತ್ತಡ ಹಾಕಿ ಅತಿಸೂಕ್ಷ್ಮ ಪೊರೆಯ ಮೂಲಕ ಹಾಯಿಸುವುದು) ಒಳಪಡಿಸಿ, ಅತಿನೇರಳೆ ಕಿರಣ ಹಾಯಿಸಿ 2003ರಿಂದ ಕಾರ್ಖಾನೆಗಳಿಗೆ ಕೊಡುತ್ತಿದ್ದಾರೆ. ಒಂದಿಷ್ಟನ್ನು ಕುಡಿಯುವ ನೀರಿನ ಜಲಾಶಯಗಳಿಗೂ ಬೆರೆಸುತ್ತಾರೆ. 2018ರಿಂದ ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರತೊಡಗಿದ್ದು ಎರಡೇ ಹಂತ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರು. ಮೂರನೆಯ ಹಂತವೂ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು ಎಂದು ಸಿಂಗಪುರದಲ್ಲಿ ಮನದಟ್ಟಾಯಿತು.

ಒಂದು ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬುವಂತೆ ಕಟ್ಟಿದ ನಮ್ಮ ಹಿರಿಯರ ಮೇಲಿನ ಗೌರವವೂ ಹೆಚ್ಚಿತು. ಕೆರೆಯಿಂದ ಕೆರೆಗೆ ನೀರು ಹರಿಸುವ ರಾಜಕಾಲುವೆಯ ಒತ್ತುವರಿ ಕಂಡರೆ ಈಗ ಸುಮ್ಮನಿರಲಾಗುವುದಿಲ್ಲ, ತಾಲ್ಲೂಕು ಕಚೇರಿಗೆ ಅರ್ಜಿ ಕೊಡುತ್ತೇನೆ.