ಗೊಟ್ಟದಲ್ಲಿ ಮಜ್ಜಿಗೆ ಬೇಡ

ತಿಪಟೂರು ಕಡೆಯ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಮನೆಯಲ್ಲಿ ಎರಡು ಸೀಮೆ ಹಸು ಇವೆ. ಮೂರು ವರ್ಷದ ಮೊಮ್ಮಗನಿಗೆ ಭೇದಿಯಾದಾಗ ಡಾಕ್ಟರು ಓಆರ್‌ಎಸ್ ಜೊತೆಗೆ ಪ್ರೋಬಯಾಟಿಕ್ ಪುಡಿಯನ್ನೂ, ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ಕೊಡುವ ಜೀವಂತ ಸೂಕ್ಷ್ಮಜೀವಿಗಳ ಪುಡಿಯನ್ನೂ, ಬರೆದುಕೊಟ್ಟರಂತೆ. ಅದೇ ವಾರ ಬೂಸಾ ತರಲು ಹೋದರೆ, "ಹಸುವಿಗೂ ಪ್ರೋಬಯಾಟಿಕ್ ಬಂದಿದೆ, ಹಾಲು ಜಾಸ್ತಿಯಾಗುತ್ತೆ, ತಗೊಳ್ಳಿ" ಅಂದರಂತೆ ಅಂಗಡಿಯವರು. "ಎರಡೂ ಒಂದೇ ಪುಡಿನಾ? ಅತ್ತೆ ಕಾಲದ ಹೆಪ್ಪು ಇನ್ನೂ ನಡೆಯುತ್ತಿರುವ ಮನೆಗೆ ಇದೆಲ್ಲ ಬೇಕಾ? ಹಸುವಿಗೂ ಗೊಟ್ಟದಲ್ಲಿ ಒಂದು ಚೊಂಬು ಮಜ್ಜಿಗೆ ಹಾಕಿದರೆ ಆಯ್ತಲ್ವಾ?" ಅಂತ ಕೇಳಿದ್ದಾರೆ. (ಗೊಟ್ಟ ಅಂದರೆ ದನದ ಬಾಯಿಗೆ ಔಷಧಿ ಸುರಿಯುವ ಬಿದಿರಿನ ಕೊಳವೆ.)

ಅಮ್ಮಾ, ನಮಸ್ಕಾರ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ದಯವಿಟ್ಟು ಹಾಕಬೇಡಿ.

ನಾನು ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಯಲ್ಲಿ ಮದುವೆ ಆಯಿತು. ಉಳಿದ ಅನ್ನ, ಪಾಯಸ ಎಲ್ಲ ಸೇರಿಸಿ ನಮ್ಮ ಹಸುವಿನ ಬಾನಿ ತುಂಬ ಸುರಿದರು. ಪ್ರೀತಿಯಿಂದಲೇ ಸುರಿದರು, ಪಾಪ. ಹಸುವೂ ಬಾನಿಯ ತಳ ನೆಕ್ಕಿತು. ಬೆಳಗ್ಗೆ ನೋಡಿದರೆ ಮೆಲುಕು ನಿಂತಿತ್ತು, ಎಡಗಡೆ ಹೊಟ್ಟೆ ಊದಿಕೊಂಡಿತ್ತು. ಸಗಣಿ ನೀರಿನ ಹಾಗೆ ಹೋಗುತ್ತಿತ್ತು. ಅದರಲ್ಲಿ ಹುಳಿ ವಾಸನೆ, ನಾಲ್ಕು ದಿನ ಮರೆತುಬಿಟ್ಟ ಮೊಸರಿನ ಗಡಿಗೆ ತೆರೆದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕತ್ತು ಪಕ್ಕೆಗೆ ಒರಗಿಸಿ ಮಲಗಿತು. ಪಶುವೈದ್ಯರು ಬಂದು ಅಡುಗೆ ಸೋಡಾ ಕದಡಿ ನಳಿಗೆಯಲ್ಲಿ ಹೊಟ್ಟೆಗೆ ಬಿಟ್ಟರು, ಬಾಟಲಿ ಹಾಕಿದರು. ಹಸು ಉಳಿಯಲಿಲ್ಲ.

ಆ ಹುಳಿ ವಾಸನೆ ಎಲ್ಲಿಂದ ಬಂತು ಅಂತ ನನಗೆ ತಿಳಿದಿದ್ದು ಎಷ್ಟೋ ವರ್ಷದ ಮೇಲೆ. ದೊಡ್ಡ ಸೀಮೆ ಹಸುವಿನ ಮೊದಲ ಹೊಟ್ಟೆಯಲ್ಲಿ ನೂರು ಲೀಟರಿಗೂ ಮೇಲೆ ಹಿಡಿಯುತ್ತದೆ. ಹುಲ್ಲಿನ ನಾರನ್ನು ಒಡೆಯುವ ಶಕ್ತಿ ಹಸುವಿಗಿಲ್ಲ. ಅದನ್ನು ಒಡೆಯುವವು ಆ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ, ಶಿಲೀಂಧ್ರ, ಪ್ರೊಟೊಜೋವಾಗಳು. ಅವು ತಿಂದು ಬಿಟ್ಟದ್ದರಲ್ಲಿ ಹಸು ಬದುಕುತ್ತದೆ, ನಮಗೆ ಹಾಲು ಕೊಡುತ್ತದೆ. ನಾರು ಒಡೆಯುವ ಈ ಬ್ಯಾಕ್ಟೀರಿಯಾಗಳಿಗೆ ಹುಳಿ ಕಂಡರಾಗದು. ಅನ್ನ ಒಮ್ಮೆಲೇ ರಾಶಿ ಬಿದ್ದರೆ ಸ್ಟ್ರೆಪ್ಟೊಕಾಕಸ್ ಬೋವಿಸ್ ಅನ್ನುವ ಒಂದು ಜಾತಿ ಕೆಲವೇ ಗಂಟೆಯಲ್ಲಿ ಉಕ್ಕಿ ಬೆಳೆದು ಲ್ಯಾಕ್ಟಿಕ್ ಆಮ್ಲ ಸುರಿಸುತ್ತದೆ. ಹುಳಿ ಏರಿದ ಹಾಗೆ ಅದೂ ಸೋಲುತ್ತದೆ. ಆಮೇಲೆ ಮೇಲುಗೈ ಯಾರದ್ದು ಗೊತ್ತಾ? ಲ್ಯಾಕ್ಟೊಬ್ಯಾಸಿಲಸ್‌ಗಳದ್ದು. ನಿಮ್ಮ ಮೊಸರಿನ ಗಡಿಗೆಯಲ್ಲಿ ಇರುವುದೂ ಅದರ ದಾಯಾದಿಗಳೇ. ಪೊಟ್ಟಣದ ಮೇಲೆ 'ಒಳ್ಳೆಯ ಬ್ಯಾಕ್ಟೀರಿಯಾ' ಅಂತ ಅಚ್ಚು ಹಾಕುವುದೂ ಇವುಗಳ ಬಗ್ಗೆಯೇ.

ಹಾಗಂತ ಒಂದು ಚೊಂಬು ಮಜ್ಜಿಗೆಗೆ ಹಸು ಸಾಯುವುದಿಲ್ಲ. ನೂರು ಲೀಟರಿನೊಳಗೆ ಅದು ಲೆಕ್ಕಕ್ಕೇ ಇಲ್ಲ. ಅಪಾಯ ಇರುವುದು ಗೊಟ್ಟದಲ್ಲಿ. ತಲೆ ಎತ್ತಿ ಹಿಡಿದು ಸುರಿಯುವಾಗ ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ನ್ಯುಮೋನಿಯಾ ಹಿಡಿಯಬಹುದು. ಸುಮ್ನೆ ಯಾಕೆ?

ಅಂಗಡಿಯವರು ಹೇಳಿದ ಪುಡಿ ಬಹುಶಃ ಯೀಸ್ಟ್. ಬ್ರೆಡ್ ಉಬ್ಬಿಸುವ ಸ್ಯಾಕರೊಮೈಸಿಸ್ ಜಾತಿಯದ್ದು. ಮೇವಿನ ಜೊತೆ ಹೊಟ್ಟೆಗೆ ಹೋದ ಆಮ್ಲಜನಕವನ್ನು ಅದು ಹೀರಿಕೊಳ್ಳುತ್ತದೆ. ನಾರು ಒಡೆಯುವವಕ್ಕೆ ಗಾಳಿ ಆಗದು, ಹಾಗಾಗಿ ಅವಕ್ಕೆ ಅನುಕೂಲ. ಹುಳಿ ಏರದ ಹಾಗೂ ಸ್ವಲ್ಪ ತಡೆಯುತ್ತದೆ. ಹಿಂಡಿ, ಜೋಳದ ನುಚ್ಚು ಜಾಸ್ತಿ ತಿಂದು ತುಂಬ ಕರೆಯುವ ಹಸುವಿನಲ್ಲಿ ಹಾಲು ಒಂದಿಷ್ಟು ಏರುವುದುಂಟು. ದಿನಕ್ಕೆ ಏಳೆಂಟು ಲೀಟರ್ ಕೊಡುವ, ಹಸಿ ಮೇವೇ ಸಾಲದ ಹಸುವಿಗೆ ನಾನಾದರೆ ಆ ದುಡ್ಡು ಹಾಕುವುದಿಲ್ಲ. ನೇಪಿಯರ್ ಹುಲ್ಲಿನ ಕಡ್ಡಿ ತಂದು ನೆಡುತ್ತೇನೆ.

ಹಾಗಾದರೆ ಹೊರಗಿನ ಜೀವಿ ಕೊಟ್ಟು ದನ ಸರಿಮಾಡಿದ್ದು ಇಲ್ಲವೇ ಇಲ್ವಾ? ಇದೆ. ಅದು ನಮ್ಮ ಬದುಗಳಲ್ಲೂ ಬೆಳೆಯುವ ಸುಬಾಬುಲ್ ಗಿಡದ ಕಥೆ. ಅದರ ಸೊಪ್ಪಿನಲ್ಲಿ ಮಿಮೋಸಿನ್ ಅನ್ನುವ ವಿಷ ಇದೆ. ಆಸ್ಟ್ರೇಲಿಯಾದಲ್ಲಿ ಅದನ್ನೇ ಮೇಯ್ದ ದನಗಳಿಗೆ ಕೂದಲು ಉದುರುತ್ತಿತ್ತು, ಗಳಗಂಡ ಬರುತ್ತಿತ್ತು. ಹವಾಯಿ ದ್ವೀಪದ ಮೇಕೆಗಳು ಅದೇ ಸೊಪ್ಪು ತಿಂದು ಗಟ್ಟಿಮುಟ್ಟಾಗಿದ್ದವು. ವ್ಯತ್ಯಾಸ ಹೊಟ್ಟೆಯೊಳಗಿನ ಜೀವಿಗಳಲ್ಲೇ ಇರಬೇಕು ಅಂತ ರೇಮಂಡ್ ಜೋನ್ಸ್ ಎಂಬ ಆಸ್ಟ್ರೇಲಿಯಾದ ವಿಜ್ಞಾನಿಗೆ ಗುಮಾನಿ. 1980ರ ದಶಕದಲ್ಲಿ ಅವರು ಹವಾಯಿ ಮೇಕೆಯ ಹೊಟ್ಟೆಯ ಬ್ಯಾಕ್ಟೀರಿಯಾಗಳನ್ನು ತಮ್ಮ ದೇಶದ ದನಗಳ ಹೊಟ್ಟೆಗೆ ಸೇರಿಸಿದರು. ಅವೂ ಸೊಪ್ಪು ಅರಗಿಸಿಕೊಂಡವು. ಒಂದು ದನಕ್ಕೆ ಕೊಟ್ಟದ್ದು ಮಂದೆಯ ಉಳಿದವಕ್ಕೂ ತಾನಾಗಿ ಹರಡಿತು. ಆ ಬ್ಯಾಕ್ಟೀರಿಯಾಗಳಲ್ಲಿ ಒಂದಕ್ಕೆ ಈಗ ಸಿನರ್ಜಿಸ್ಟಿಸ್ ಜೋನ್ಸಿಯೈ ಅಂತ ಅವರದೇ ಹೆಸರು. ಅದಕ್ಕೆ ಆ ಹೊಟ್ಟೆಯಲ್ಲಿ ಮಾಡಲು ಕೆಲಸ ಇತ್ತು, ತಿನ್ನಲು ಊಟ ಇತ್ತು. ಅದಕ್ಕೇ ನೆಲೆ ನಿಂತಿತು.

ಕೋಳಿಯಲ್ಲೂ ಹೀಗೇ. ನಾಟಿ ಕೋಳಿಮರಿ ತಾಯಿಯ ಹಿಂದೆ ತಿಪ್ಪೆ ಕೆದಕುತ್ತಲೇ ಬೇಕಾದ ಬ್ಯಾಕ್ಟೀರಿಯಾ ಪಡೆಯುತ್ತದೆ. ಮಷೀನಿನಲ್ಲಿ ಒಡೆದ ಮರಿಗೆ ತಾಯಿಯೇ ಇಲ್ಲ. ಫಿನ್ಲೆಂಡಿನ ನುರ್ಮಿ ಮತ್ತು ರಂತಲ 1973ರಲ್ಲಿ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾಗಳನ್ನು ಇಂಥ ಮರಿಗಳಿಗೆ ಕೊಟ್ಟು, ಸಾಲ್ಮೊನೆಲ್ಲಾ ಅನ್ನುವ ರೋಗಾಣು ತಗುಲುವುದು ಕಡಿಮೆಯಾಗುತ್ತದೆ ಅಂತ ತೋರಿಸಿದರು.

ಇನ್ನು ನಿಮ್ಮ ಮೊಮ್ಮಗ. ಮಕ್ಕಳ ಭೇದಿ ಹೆಚ್ಚಿನ ಸಲ ಕೆಲವು ದಿನದಲ್ಲಿ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಮಗುವನ್ನು ಕಾಯುವುದು ಓಆರ್‌ಎಸ್, ಜೊತೆಗೆ ಜಿಂಕ್. ಪುಡಿಯಿಂದ ಬೇಗ ನಿಲ್ಲುತ್ತದಾ ಅಂತ ಅಮೆರಿಕದಲ್ಲಿ 971, ಕೆನಡಾದಲ್ಲಿ 886 ಮಕ್ಕಳಲ್ಲಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಕೆಲವು ಮಕ್ಕಳಿಗೆ ಪ್ರೋಬಯಾಟಿಕ್, ಉಳಿದವರಿಗೆ ನೋಡಲು ಹಾಗೇ ಇರುವ, ಒಳಗೇನೂ ಇಲ್ಲದ ಪುಡಿ. ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ. ನಿಮ್ಮ ಡಾಕ್ಟರನ್ನು ದೂರಬೇಡಿ. ಅದಕ್ಕೆ ಮುಂಚಿನ ಸಣ್ಣ ಸಣ್ಣ ಪರೀಕ್ಷೆಗಳು ಭರವಸೆ ಹುಟ್ಟಿಸುವಂತೆಯೇ ಇದ್ದವು.

ಆದರೆ ಒಡಿಶಾದ ಹಳ್ಳಿಗಳಲ್ಲಿ ಆದದ್ದೇ ಬೇರೆ. ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ಹಸುಗೂಸುಗಳನ್ನು ಆರಿಸಿಕೊಂಡು, ಅರ್ಧದಷ್ಟು ಕೂಸುಗಳಿಗೆ ಏಳು ದಿನ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿ ಕೊಟ್ಟಿತು. ಅದರ ದಾರಿಬುತ್ತಿಗೆ ಅನ್ನುವ ಹಾಗೆ ಒಂದು ಬಗೆಯ ನಾರಿನ ಸಕ್ಕರೆಯನ್ನೂ ಬೆರೆಸಿತ್ತು. ಪುಡಿ ಸಿಗದ ಕೂಸುಗಳಲ್ಲಿ ನೂರಕ್ಕೆ 9ಕ್ಕೆ ರಕ್ತದ ನಂಜು ಅಥವಾ ಸಾವು. ಸಿಕ್ಕವುಗಳಲ್ಲಿ 5.4. ಇದು 2017ರಲ್ಲಿ ಪ್ರಕಟವಾಯಿತು. ಓದಿದ ದಿನ ನನಗೆ ಬೇರೆ ಕೆಲಸ ಹತ್ತಲಿಲ್ಲ. ಆದರೆ ಅಲ್ಲಿ ಎರಡು ಕೆಜಿಗಿಂತ ಕಡಿಮೆ ತೂಕದ ಕೂಸುಗಳನ್ನು ಸೇರಿಸಿರಲಿಲ್ಲ ಅನ್ನುವುದನ್ನು ಮರೆಯಬಾರದು. ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಇಂಥ ಜೀವಿಗಳಿಂದಲೇ ಸೋಂಕಾಗಬಹುದು ಅಂತ ಅಮೆರಿಕದ ಔಷಧ ಇಲಾಖೆ 2023ರಲ್ಲಿ ಎಚ್ಚರಿಸಿತು. ಆಸ್ಪತ್ರೆಯವರು ಹೇಳದೆ ಹಸುಗೂಸಿಗೆ ಏನೂ ಕೊಡಬೇಡಿ.

ಒಂದು ಕಡೆ ಕೆಲಸ ಮಾಡಿತು, ಇನ್ನೊಂದು ಕಡೆ ಇಲ್ಲ, ಯಾಕೆ? ಹಳ್ಳಿಕಾರೂ ಹಸುವೇ, ಸೀಮೆ ಹಸುವೂ ಹಸುವೇ. ಉಳಲು ಸೀಮೆ ಹೋರಿ ಕಟ್ಟಿದರೆ ನೀವೇ ನಗುತ್ತೀರಿ. ಬ್ಯಾಕ್ಟೀರಿಯಾದಲ್ಲೂ ತಳಿ ತಳಿಗೆ ಗುಣ ಬೇರೆ. ಪೊಟ್ಟಣ ಕೊಳ್ಳುವುದೇ ಆದರೆ ತಳಿಯ ಹೆಸರೋ ನಂಬರೋ ಇದೆಯಾ ನೋಡಿ. ಬರೀ 'ಲ್ಯಾಕ್ಟೊಬ್ಯಾಸಿಲಸ್' ಅಂತಿದ್ದರೆ ಅದು ಸಂತೆಯಲ್ಲಿ 'ಹಸು ಮಾರಾಟಕ್ಕಿದೆ' ಅಂದ ಹಾಗೆ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ದಿನದ ಪ್ರಮಾಣದಲ್ಲಿ ಕನಿಷ್ಠ 10 ಕೋಟಿ ಜೀವಂತ ಕಣ ಇರಬೇಕು.

ನಿಮ್ಮ ಮಜ್ಜಿಗೆ? ಲಾಭ ಕೊಡುತ್ತದೆ ಅಂತ ಪರೀಕ್ಷೆಯಲ್ಲಿ ಗೊತ್ತಾದ ಜೀವಿಗೆ ಮಾತ್ರ ಪ್ರೋಬಯಾಟಿಕ್ ಅನ್ನಬೇಕು ಅಂತ ವಿಜ್ಞಾನಿಗಳ ಕಟ್ಟುಪಾಡು. ಅತ್ತೆಯವರ ಹೆಪ್ಪನ್ನು ಯಾರೂ ಹಾಗೆ ಪರೀಕ್ಷೆ ಮಾಡಿಲ್ಲ, ಹಾಗಾಗಿ ಆ ಬಿರುದು ಅದಕ್ಕಿಲ್ಲ. ಬಿರುದಿಲ್ಲದಿದ್ದರೇನಂತೆ, ಕುಡಿಯಿರಿ. ಹಾಲು ಕುಡಿದರೆ ಹೊಟ್ಟೆ ಗುಡುಗುಡು ಅನ್ನುವವರಿಗೆ ಮೊಸರು ಒಗ್ಗುವುದು ಅದರೊಳಗಿನ ಬ್ಯಾಕ್ಟೀರಿಯಾಗಳಿಂದಲೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 36 ಜನರನ್ನು ಎರಡು ಗುಂಪು ಮಾಡಿ ಹತ್ತು ವಾರ ನೋಡಿದರು. ಮೊಸರಿನಂಥ ಹುದುಗಿದ ಆಹಾರ ಜಾಸ್ತಿ ತಿಂದ ಗುಂಪಿನ ಕರುಳಿನಲ್ಲಿ ಬ್ಯಾಕ್ಟೀರಿಯಾ ಬಗೆಗಳು ಹೆಚ್ಚಿದವು, ಉರಿಯೂತದ ಗುರುತುಗಳು ಇಳಿದವು. ಸಣ್ಣ ಪರೀಕ್ಷೆ, ಆದರೂ ಖುಷಿಯಾಗುತ್ತದೆ. ಒಂದು ಮಾತು, ಕುದಿಸಿದ ಮಜ್ಜಿಗೆ ಹುಳಿಯಲ್ಲಿ, ಬೆಂದ ಇಡ್ಲಿಯಲ್ಲಿ ಜೀವಂತವಾಗಿ ಏನೂ ಉಳಿದಿರುವುದಿಲ್ಲ. ರುಚಿ ಉಳಿದಿರುತ್ತದೆ, ಅದೇನು ಕಡಿಮೆಯೇ!

ಕರುಳಿನ ಜೀವಿಗಳಿಗೂ ಊಟ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಷ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮೊಮ್ಮಗನಿಗೆ ಮುದ್ದೆ ಸೇರುವುದಿಲ್ಲ ಅಂದಿದ್ದೀರಿ. ತಣ್ಣಗಾದ ಅಂಬಲಿಗೆ ಮಜ್ಜಿಗೆ ಬೆರೆಸಿ, ಚಿಟಿಕೆ ಉಪ್ಪು ಹಾಕಿ ಕೊಟ್ಟು ನೋಡಿ.

ಕಾಗದದ ಕೊನೆಯಲ್ಲಿ, ಮುಂದಿನ ತಿಂಗಳು ಕಿರಿಮಗಳ ಮದುವೆ, ಮನೆ ಮುಂದೆಯೇ ಚಪ್ಪರ ಅಂತ ಬರೆದಿದ್ದೀರಿ. ಅಡುಗೆಯವರಿಗೆ ಮೊದಲೇ ಹೇಳಿಡಿ, ಉಳಿದ ಅನ್ನ ಕೊಟ್ಟಿಗೆ ಕಡೆ ಹೋಗಬಾರದು. ತಿಪ್ಪೆಗೂ ಬೇಡ, ಹಗ್ಗ ಬಿಚ್ಚಿಕೊಂಡ ಹಸು ಮೊದಲು ಹೋಗುವುದೇ ಅಲ್ಲಿಗೆ. ತೋಟದಲ್ಲಿ ಒಂದು ಗುಂಡಿ ತೋಡಿಸಿ, ಅಂದೇ ರಾತ್ರಿ ಮಣ್ಣು ಮುಚ್ಚಿಸಿಬಿಡಿ.